ಮಕ್ಕಳ ಕಲ್ಯಾಣ ವ್ಯವಸ್ಥೆಯ ತನಿಖಾ ವರದಿಗೆ ಹಣ ಕೊಡುವುದಾದರೆ ಯಾರಿಗೆ, ಹೇಗೆ? ಉತ್ತರ ಕನ್ನಡದವರಿಗೊಂದು ಹೋಲಿಕೆ

ಇತ್ತೀಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಿದೆ. ಶಿರಸಿಯ ನಿವೃತ್ತ ಶಿಕ್ಷಕಿಯೊಬ್ಬರು ಪ್ರತಿವರ್ಷ ಬಾಲಮಂದಿರಕ್ಕೆ ಅಕ್ಕಿ, ಬಟ್ಟೆ ಕೊಡುತ್ತ ಬಂದವರು. ಈ ಸಲ ಆ ಹಣದಲ್ಲಿ ಅಲ್ಲಿನ ಸ್ಥಿತಿಗತಿಯನ್ನು ಯಾರಾದರೂ ಸರಿಯಾಗಿ ವಿಚಾರಿಸಿ ಬರೆಯುವ ಹಾಗೆ ಮಾಡಬಹುದೇ ಎಂದು ಕೇಳಿದ್ದಾರೆ. ಕಾರವಾರದ ಗೆಳೆಯರ ಗುಂಪೊಂದಕ್ಕೆ ಒಂದು ಟ್ರಸ್ಟ್ ಮಾಡುವ ಹುಮ್ಮಸ್ಸು. ದುಬೈಯಲ್ಲಿರುವ ಭಟ್ಕಳದವರೊಬ್ಬರಿಗೆ ಹೊರದೇಶದಿಂದ ಹಣ ಕಳಿಸಿದರೆ ಪತ್ರಿಕೆಯವರಿಗೇ ತೊಂದರೆಯಾದೀತೇ ಎಂಬ ಅಳುಕು. ಮೂವರಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ತನಿಖೆ ಮಾಡುವುದೆಂದರೆ ಯಾವುದರ ತನಿಖೆ ಎಂದು ಸ್ಪಷ್ಟವಾಗಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ರಕ್ಷಣೆ ಬೇಕಾದ ಮಗು ಸಿಕ್ಕರೆ, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವಿನ ಮುಂದಿನ ದಾರಿ ಏನೆಂಬ ಅಂತಿಮ ಆದೇಶ ನಾಲ್ಕು ತಿಂಗಳೊಳಗೆ ಬರಬೇಕು. ಬಾಲಮಂದಿರ, ಅನಾಥಾಲಯ, ಖಾಸಗಿ ಸಂಸ್ಥೆಗಳು ನಡೆಸುವ ಮಕ್ಕಳ ಮನೆಗಳು ನೋಂದಣಿ ಮಾಡಿಸಿಕೊಳ್ಳಬೇಕು, ಆ ನೋಂದಣಿಯ ಅವಧಿ 5 ವರ್ಷ. ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಮನೆಗೆ ಭೇಟಿ ಕೊಡಬೇಕು, ತಂಡದಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರಲೇಬೇಕು. 2021ರ ತಿದ್ದುಪಡಿಯ ನಂತರ ಇದೆಲ್ಲದರ ಮೇಲುಸ್ತುವಾರಿ ಜಿಲ್ಲಾಧಿಕಾರಿಯವರದು, ದತ್ತು ಆದೇಶವೂ ಅವರ ಸಹಿಯಿಂದಲೇ.

ಇವೆಲ್ಲ ನಮ್ಮ ಜಿಲ್ಲೆಯಲ್ಲಿ ಕಾಗದದ ಮೇಲಿರುವಂತೆಯೇ ನಡೆಯುತ್ತಿವೆಯೇ? ನಡೆಯುತ್ತಿದ್ದರೆ ಅದೂ ಜನರಿಗೆ ಗೊತ್ತಾಗಬೇಕಾದ ಸುದ್ದಿಯೇ. ಜೋಯಿಡಾದ ಒಳಗಿನ ಕುಣಬಿ ಕೇರಿಯಿಂದಲೋ ಯಲ್ಲಾಪುರದ ಸಿದ್ದಿ ಹಳ್ಳಿಯಿಂದಲೋ ಒಂದು ಮಗುವನ್ನು ಕರೆತರುವಾಗ ಆ 24 ಗಂಟೆಯ ನಿಯಮ ಹೇಗೆ ಪಾಲನೆಯಾಗುತ್ತದೆ? ಮೀನುಗಾರಿಕೆಯ ಕೆಲಸಕ್ಕೆ ವಲಸೆ ಬಂದವರ ಮಕ್ಕಳು ಸಿಕ್ಕಾಗ ಯಾರಿಗೆ ಮೊದಲು ಕರೆ ಹೋಗುತ್ತದೆ? 1098 ಸಹಾಯವಾಣಿ 2023ರಲ್ಲಿ ಸರ್ಕಾರದ ಕೈಗೆ ಬಂದು ತುರ್ತು ಕರೆಯ 112ರ ಜೊತೆ ಜೋಡಣೆಯಾದ ಮೇಲೆ ಆ ಕರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ? 18 ತುಂಬಿ ಹೊರಬಿದ್ದ ಹುಡುಗಿ ಮುಂದೆಲ್ಲಿಗೆ ಹೋಗುತ್ತಾಳೆ? ಒಬ್ಬ ವರದಿಗಾರ ಮಧ್ಯಾಹ್ನ ಕಾರವಾರದ ಕಚೇರಿಗೆ ಹೋಗಿ ಸಂಜೆಗೆ ಬರೆದು ಮುಗಿಸುವ ಪ್ರಶ್ನೆಗಳಲ್ಲ ಇವು.

ತೂಗಬೇಕಾದದ್ದು ಯಾವುದನ್ನು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲನೆಯದು ಕಾಲ. ನೀವು ಕೊಟ್ಟ ಹಣ ವರದಿಗಾರನಿಗೆ ಒಂದೇ ವಿಷಯದ ಬೆನ್ನು ಹತ್ತಲು ಎಷ್ಟು ತಿಂಗಳು ಕೊಡುತ್ತದೆ ಎಂದು ನೋಡಿ, ಎಷ್ಟು ವರದಿ ಬಂದವು ಎಂದು ಎಣಿಸಬೇಡಿ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬರಲು 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿ, ಅದರ ತೀರ್ಮಾನಕ್ಕೆ 30ರಿಂದ 45 ದಿನ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಂದರೆ ಮೊದಲ ಕಾಗದ ಕೈಗೆ ಬರುವಷ್ಟರಲ್ಲೇ ಒಂದು ಮಳೆಗಾಲ ಕಳೆದಿರುತ್ತದೆ. ವರದಿ ಪ್ರಕಟವಾದ ಮೇಲೂ ಮೂರು ತಿಂಗಳ ಹಣ ಇರಲೇಬೇಕು. ಒಂದು ಮನೆಯ ಮೇಲೆ ಸುದ್ದಿ ಬಂದರೆ ಅದರ ಬಾಗಿಲು ಮುಚ್ಚಿಸಿ ಮಕ್ಕಳನ್ನು ರಾತ್ರೋರಾತ್ರಿ ಬೇರೆ ಜಿಲ್ಲೆಗೆ ಸಾಗಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಆ ಮಕ್ಕಳು ಎಲ್ಲಿಗೆ ಹೋದರು, ಶಾಲೆ ತಪ್ಪಿತೇ, ಅಣ್ಣ ತಂಗಿ ಬೇರೆಯಾದರೇ ಎಂದು ಕೇಳಲು ಬರೆದವರೇ ಉಳಿದಿರಬೇಕು.

ಎರಡನೆಯದು, ಹಣ ಕೊಟ್ಟವರಿಗೆ ಅಥವಾ ಹಣ ಹಿಡಿದವರಿಗೆ ಸುದ್ದಿಯನ್ನು ತಡೆಯುವ ಶಕ್ತಿ ಇದೆಯೇ ಎಂಬುದು. ನಮ್ಮಂಥ ಜಿಲ್ಲೆಯಲ್ಲಿ ಮಕ್ಕಳ ಮನೆ ನಡೆಸುವವರು, ಮಠದವರು, ಸೊಸೈಟಿ ನಿರ್ದೇಶಕರು, ಪತ್ರಿಕೆಗೆ ಜಾಹೀರಾತು ಕೊಡುವವರು ಒಬ್ಬರಿಗೊಬ್ಬರು ನೆಂಟರೋ ಪರಿಚಯದವರೋ ಆಗಿರುತ್ತಾರೆ. ಅದೇನೂ ಅಪರಾಧವಲ್ಲ, ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಣ ಕೊಡಬಾರದು.

ಮೂರನೆಯದು ಮಗುವಿನ ಗುರುತು. ಬಾಲನ್ಯಾಯ ಕಾಯ್ದೆಯ ಕಲಂ 74ರಂತೆ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೋಕ್ಸೋ ಕಾಯ್ದೆಯ ಕಲಂ 23 ಇನ್ನೂ ಬಿಗಿ. ಬೆಂಗಳೂರಿನಲ್ಲಿ "ಆರನೇ ತರಗತಿಯ ಬಾಲಕಿ" ಎಂದು ಬರೆದರೆ ಯಾರೆಂದು ತಿಳಿಯುವುದಿಲ್ಲ. ಹತ್ತು ಮನೆಯ ಮಜರೆಯ ಹೆಸರು ಹಾಕಿ ಅಷ್ಟನ್ನೇ ಬರೆದರೂ ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆದ್ದರಿಂದ ನೀವು ಬೆಂಬಲಿಸುವ ಜಾಗದಲ್ಲಿ ಪ್ರಕಟಣೆಗೆ ಮುನ್ನ ವಕೀಲರು ಓದುತ್ತಾರೆಯೇ, ಮಕ್ಕಳ ಜೊತೆ ಕೆಲಸ ಮಾಡಿದವರೊಬ್ಬರು ನೋಡುತ್ತಾರೆಯೇ ಎಂದು ಕೇಳಲೇಬೇಕು.

ಇನ್ನುಳಿದ ಮೂರನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾನನಷ್ಟ ಮೊಕದ್ದಮೆ ಬಂದರೆ ಖರ್ಚು ಯಾರದು? ಹಣ ಬಂದ ದಾರಿ ಕಾನೂನಿಗೆ ಸರಿಯೇ? ಬರೆದದ್ದು ಹಳಿಯಾಳದ, ಹೊನ್ನಾವರದ ಓದುಗನ ಕೈಗೆ ಕನ್ನಡದಲ್ಲಿ ಸಿಗುತ್ತದೆಯೇ? ದೆಹಲಿಯಲ್ಲಿ ಇಂಗ್ಲಿಷಿನಲ್ಲಿ ಬಂದ ವರದಿ ಎಷ್ಟೇ ಚೆನ್ನಾಗಿದ್ದರೂ, ತಾಲೂಕು ಪಂಚಾಯಿತಿ ಸಭೆಯಲ್ಲಿ ಅದನ್ನು ಹಿಡಿದು ಪ್ರಶ್ನೆ ಕೇಳುವವರು ಇರುವುದಿಲ್ಲ.

ಊರ ಪತ್ರಿಕೆಗೆ ಚಂದಾ

ಎಲ್ಲಕ್ಕಿಂತ ಸುಲಭದ ದಾರಿ ಇದು. ಶಿರಸಿ, ಕಾರವಾರದಿಂದ ಹೊರಡುವ ದಿನಪತ್ರಿಕೆಗಳು, ವಾರಪತ್ರಿಕೆಗಳು ನಮ್ಮ ಜಿಲ್ಲೆಯ ದೊಡ್ಡ ಆಸ್ತಿ. ಇಷ್ಟು ಕಡಿಮೆ ಜನಸಂಖ್ಯೆಯ ಜಿಲ್ಲೆಯಲ್ಲಿ ಇಷ್ಟು ಪತ್ರಿಕೆಗಳು ಉಳಿದಿರುವುದೇ ವಿಶೇಷ. ಓದುಗರು ಕೊಡುವ ಪ್ರತಿ ರೂಪಾಯಿಯೂ ಪತ್ರಿಕೆ ಜಾಹೀರಾತಿಗೆ ಕೈಯೊಡ್ಡುವುದನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡುತ್ತದೆ.

ಆದರೆ ಚಂದಾ ಹಣ ತನಿಖೆಗೇ ಹೋಗುತ್ತದೆ ಎಂಬ ಖಾತ್ರಿ ಇಲ್ಲ, ಅದು ಕಾಗದಕ್ಕೆ, ಮುದ್ರಣಕ್ಕೆ, ಸಂಬಳಕ್ಕೆ ಹಂಚಿಹೋಗುತ್ತದೆ. ತಾಲೂಕಿನ ಬಿಡಿ ಸುದ್ದಿಗಾರನ ಸ್ಥಿತಿ ಎಲ್ಲರಿಗೂ ಗೊತ್ತಿದ್ದದ್ದೇ. ಸುದ್ದಿಗೆ ಸಿಗುವ ಹಣಕ್ಕಿಂತ ದೀಪಾವಳಿ ವಿಶೇಷಾಂಕಕ್ಕೆ ತಂದ ಜಾಹೀರಾತಿನ ಕಮಿಷನ್ ಹೆಚ್ಚು. ಬೆಳಿಗ್ಗೆ ಯಾರ ಬಳಿ ಜಾಹೀರಾತು ಕೇಳಿದನೋ ಮಧ್ಯಾಹ್ನ ಅವರದೇ ಹಾಸ್ಟೆಲಿನ ಬಗ್ಗೆ ಪ್ರಶ್ನೆ ಕೇಳು ಎಂದರೆ ಅವನೇನು ಮಾಡಬೇಕು? ಆತನ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುತ್ತಿಲ್ಲ, ಅವನನ್ನು ನಾವೆಲ್ಲ ಸೇರಿ ಎಂಥ ಜಾಗದಲ್ಲಿ ನಿಲ್ಲಿಸಿದ್ದೇವೆ ಎಂದು ಹೇಳುತ್ತಿದ್ದೇನೆ. ಚಂದಾ ಕಟ್ಟಿ, ಖಂಡಿತ ಕಟ್ಟಿ. ಇದೊಂದರಿಂದಲೇ ತನಿಖೆ ಆಗಿಬಿಡುತ್ತದೆ ಎಂದು ಮಾತ್ರ ಕಾಯಬೇಡಿ.

ಜಾಹೀರಾತು, ಪ್ರಾಯೋಜಕರು, ಸಿಎಸ್‌ಆರ್

ಕಾರವಾರದ ಗೆಳೆಯರು ಮೊದಲು ಯೋಚಿಸಿದ್ದು ಇದನ್ನೇ. ಜಿಲ್ಲೆಯಲ್ಲಿ ದೊಡ್ಡ ಉದ್ಯಮಗಳಿವೆ, ಕೇಳಿದರೆ ಕೊಟ್ಟಾರು ಎಂದು. ಬೇಡ ಎನ್ನುತ್ತೇನೆ, ಎರಡು ಕಾರಣಕ್ಕೆ.

ಮೊದಲನೆಯದು ಕಾನೂನಿನದು. ಕಂಪನಿ ಕಾಯ್ದೆಯಡಿ ಸಿಎಸ್‌ಆರ್ ಹಣವನ್ನು (ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಖರ್ಚು ಮಾಡುವ ಹಣ) ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿ ಏಳನೇ ಅನುಸೂಚಿಯಲ್ಲಿದೆ. ಶಿಕ್ಷಣ ಇದೆ, ಆರೋಗ್ಯ ಇದೆ, ಅನಾಥಾಲಯ ಕಟ್ಟುವುದೂ ಇದೆ. ಪತ್ರಿಕೋದ್ಯಮ ಇಲ್ಲ. ಅನಾಥಾಲಯ ಕಟ್ಟಿಸಿಕೊಟ್ಟ ಕಂಪನಿಯೇ ಅದರ ತನಿಖೆಗೂ ಹಣ ಕೊಡುವುದು ಹೇಗೂ ಸರಿಹೋಗದು.

ಎರಡನೆಯದಕ್ಕೆ ಬಿಹಾರದ ಮುಜಫ್ಫರಪುರವನ್ನು ನೋಡಬೇಕು. ಅಲ್ಲಿನ ಬಾಲಕಿಯರ ವಸತಿಗೃಹದಲ್ಲಿ ನಡೆದ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ 2018ರಲ್ಲಿ ಕೊಟ್ಟ ಸಾಮಾಜಿಕ ಲೆಕ್ಕಪರಿಶೋಧನೆಯ ವರದಿಯಿಂದ. ಆ ಗೃಹವನ್ನು ನಡೆಸುತ್ತಿದ್ದ ಸಂಸ್ಥೆಯ ಹಿಂದಿದ್ದ ವ್ಯಕ್ತಿ ಸ್ವತಃ ಒಂದು ದಿನಪತ್ರಿಕೆಯ ಮಾಲೀಕ. ಸರ್ಕಾರದ ಅನುದಾನ ಒಂದು ಕೈಗೆ, ಸರ್ಕಾರದ ಜಾಹೀರಾತು ಇನ್ನೊಂದು ಕೈಗೆ. ಆ ಊರಿನಲ್ಲಿ ಮಕ್ಕಳ ಪರವಾಗಿ ಬರೆಯಬೇಕಾದವರ ಸಾಲಿನಲ್ಲಿ ಆತನೂ ಒಬ್ಬ! 2020ರಲ್ಲಿ ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಡುವೆ ಪಟ್ನಾ ಹೈಕೋರ್ಟ್ ಈ ಪ್ರಕರಣದ ತನಿಖೆಯ ವರದಿಗಾರಿಕೆಗೆ ನಿರ್ಬಂಧ ಹಾಕಿದಾಗ, ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಪಟ್ನಾದ ಒಬ್ಬ ಪತ್ರಕರ್ತೆ, ನಿವೇದಿತಾ ಝಾ. ನಿರ್ಬಂಧ ತೆರವಾಯಿತು. ನಮ್ಮ ಜಿಲ್ಲೆಯಲ್ಲಿ ಅಂಥದ್ದು ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮಕ್ಕಳ ಮನೆಗಳ ವಿಷಯದಲ್ಲಿ ಜಾಹೀರಾತನ್ನು ನಂಬಿ ತನಿಖೆಗೆ ಇಳಿಯಬಾರದು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಓದುಗರ ಹಣದಿಂದ ನಡೆಯುವ ಹೊರಗಿನ ತಾಣಗಳು

ಕನ್ನಡದಲ್ಲೇ ಸರ್ಕಾರಿ ಕಡತಗಳನ್ನು ಹಿಡಿದು ಬರೆಯುವ 'ದಿ ಫೈಲ್' ಇದೆ, ಓದುಗರ ಬೆಂಬಲ ಕೇಳುವ 'ಈದಿನ' ಇದೆ. ಬೆಂಗಳೂರಿನ 'ದಿ ನ್ಯೂಸ್ ಮಿನಿಟ್', ದೆಹಲಿಯ 'ನ್ಯೂಸ್‌ಲಾಂಡ್ರಿ' ಸದಸ್ಯರ ಹಣವನ್ನು ನೆಚ್ಚಿಕೊಂಡಿವೆ. ಇಂಥ ಕಡೆ ಸಂಪಾದಕರಿಗೆ ಅನುಭವವಿದೆ, ಕಾನೂನಿನ ತಿಳಿವಳಿಕೆ ಇದೆ, ಮತ್ತು ಶಿರಸಿಯ ಯಾವ ಗಣ್ಯರ ಫೋನಿಗೂ ಅವರು ಹೆದರಬೇಕಿಲ್ಲ. ಸ್ವಾತಂತ್ರ್ಯದ ಅಳತೆಗೋಲಿನಲ್ಲಿ ಇವು ಎಲ್ಲರಿಗಿಂತ ಮುಂದೆ.

ಕೊರತೆ ಇರುವುದು ಕಾಲದ್ದು ಮತ್ತು ದೂರದ್ದು. ನಿಮ್ಮ ಹತ್ತು ಸಾವಿರ ಅವರ ಸಾಮಾನ್ಯ ನಿಧಿಗೆ ಸೇರುತ್ತದೆ, ಅದು ಉತ್ತರ ಕನ್ನಡಕ್ಕೇ ಬರಬೇಕೆಂದಿಲ್ಲ. ಬೆಂಗಳೂರಿನಿಂದ ಬಂದ ವರದಿಗಾರರು ಎರಡು ದಿನ ಇದ್ದು ಹೋಗುತ್ತಾರೆ. ಮುಂಡಗೋಡದ ತಾಯಿಯೊಬ್ಬರು ಎರಡನೇ ಭೇಟಿಯಲ್ಲಿ ಹೇಳದ್ದನ್ನು ಐದನೇ ಭೇಟಿಯಲ್ಲಿ ಹೇಳುತ್ತಾರೆ, ಅಷ್ಟರಲ್ಲಿ ವರದಿಗಾರರು ಹೊರಟಿರುತ್ತಾರೆ. ಇನ್ನು ತೆರಿಗೆ ರಿಯಾಯಿತಿಗಾಗಿ ಕೊಡುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ 'ದಿ ರಿಪೋರ್ಟರ್ಸ್ ಕಲೆಕ್ಟಿವ್' ಎಂಬ ತನಿಖಾ ತಂಡದ ಲಾಭರಹಿತ ಮಾನ್ಯತೆಯನ್ನು ಆದಾಯ ತೆರಿಗೆ ಇಲಾಖೆ ರದ್ದು ಮಾಡಿತು. ಪತ್ರಿಕೋದ್ಯಮ ಸಾರ್ವಜನಿಕ ಉದ್ದೇಶವನ್ನು ಈಡೇರಿಸುವುದಿಲ್ಲ ಎಂಬುದು ಇಲಾಖೆ ಕೊಟ್ಟ ಕಾರಣ. ಹಾಗಾಗಿ ತೆರಿಗೆ ರಿಯಾಯಿತಿಯ ರಸೀದಿ ಸಿಗುತ್ತದೆಯೇ ಎಂದು ಕೊಡುವ ಮುನ್ನ ಕೇಳಿ, ಸಿಗದಿದ್ದರೂ ಕೊಡಬಲ್ಲೆ ಅನಿಸಿದರೆ ಮಾತ್ರ ಕೊಡಿ. ಹೊಸ ತೆರಿಗೆ ಪದ್ಧತಿಗೆ ಬದಲಾದವರಿಗೆ ಆ ರಿಯಾಯಿತಿ ಹೇಗೂ ಇಲ್ಲ.

ಒಂದು ತನಿಖೆಗೆಂದು ಜನರಿಂದ ಹಣ ಎತ್ತುವುದು

ಮಿಲಾಪ್, ಕೆಟ್ಟೋ ಥರದ ವೇದಿಕೆಗಳಲ್ಲಿ ಚಿಕಿತ್ಸೆಗೆ ಹಣ ಎತ್ತಿದ್ದನ್ನು ನೋಡಿದವರು ಇದನ್ನು ಸೂಚಿಸುತ್ತಾರೆ. ನಮ್ಮಲ್ಲಿ ಸಹಾಯಾರ್ಥ ಯಕ್ಷಗಾನದ ರೂಢಿಯೂ ಇದೆ, ಒಂದು ರಾತ್ರಿಯ ಆಟಕ್ಕೆ ಊರೇ ಸೇರಿ ಟಿಕೆಟ್ ತೆಗೆದುಕೊಳ್ಳುತ್ತದೆ. ಹಣ ಬೇಗ ಬರುತ್ತದೆ, ನೂರಾರು ಜನ ಕೊಟ್ಟದ್ದರಿಂದ ಯಾರೊಬ್ಬರ ಮುಲಾಜೂ ಇರುವುದಿಲ್ಲ.

ಆದರೆ ಈ ವಿಷಯಕ್ಕೆ ಅದು ಹೊಂದುವುದಿಲ್ಲ. ಹಣ ಎತ್ತಬೇಕಾದರೆ ಏನನ್ನು ತನಿಖೆ ಮಾಡುತ್ತೇವೆ ಎಂದು ಮೊದಲೇ ಸಾರಬೇಕು. ಇಂಥ ಮನೆ, ಇಂಥ ಕಚೇರಿ ಎಂದರೆ ನಾಳೆಯೇ ಕಡತ ಸರಿಹೋಗುತ್ತದೆ. ಹೆಚ್ಚು ಹಣ ಬರಲಿ ಎಂದು ಮಗುವಿನ ಕಥೆ, ಮುಖ ಮರೆಮಾಡಿದ ಫೋಟೋ ಹಾಕುವ ಆಸೆಯೂ ಹುಟ್ಟುತ್ತದೆ. ಕಲಂ 74ನ್ನು ಮುರಿಯುವ ಮೊದಲ ಹೆಜ್ಜೆ ಅದೇ. ಜನರಿಂದ ಎತ್ತುವುದಾದರೆ "ಜಿಲ್ಲೆಯ ಮಕ್ಕಳ ರಕ್ಷಣಾ ವ್ಯವಸ್ಥೆಯ ಬಗ್ಗೆ ಒಂದು ವರ್ಷದ ವರದಿಗಾರಿಕೆಗೆ" ಎಂದಷ್ಟೇ ಬರೆದು, ಮುಂದೆ ಹೇಳುವ ಫೆಲೋಶಿಪ್‌ಗೆ ಆ ಹಣ ಸೇರಿಸಿ.

ಒಬ್ಬರಿಗೆ ಒಂದು ವರ್ಷದ ಫೆಲೋಶಿಪ್

ನನ್ನ ಒಲವು ಇದರ ಕಡೆ. ಮುಚ್ಚಿಡುವುದೇನೂ ಇಲ್ಲ. ಅಮೆರಿಕದ 'ಪ್ರೊಪಬ್ಲಿಕಾ' ಎಂಬ ತನಿಖಾ ಸುದ್ದಿಸಂಸ್ಥೆ 2018ರಿಂದ ಸಣ್ಣ ಊರುಗಳ ಪತ್ರಿಕೆಗಳ ವರದಿಗಾರರಿಗೆ ಒಂದು ವರ್ಷದ ಸಂಬಳ ಕೊಟ್ಟು, ಒಂದೇ ವಿಷಯದ ಮೇಲೆ ಕೆಲಸ ಮಾಡಿಸುತ್ತಿದೆ. ವರದಿಗಾರ ತನ್ನ ಊರಲ್ಲೇ, ತನ್ನ ಪತ್ರಿಕೆಯಲ್ಲೇ ಇರುತ್ತಾನೆ, ಸಂಪಾದನೆಯ ಬೆಂಬಲ ಮಾತ್ರ ಹೊರಗಿನಿಂದ. ನಮಗೆ ಬೇಕಾದದ್ದೂ ಅದೇ ಜೋಡಣೆ. ಜಿಲ್ಲೆಯಲ್ಲೇ ಬೆಳೆದ, ಕೊಂಕಣಿಯನ್ನೂ ಹವ್ಯಕ ಕನ್ನಡವನ್ನೂ ಅರಿಯಬಲ್ಲ ವರದಿಗಾರ್ತಿ, ಜಿಲ್ಲೆಯ ಹೊರಗಿರುವ ಸಂಪಾದಕ, ಎರಡೂ ಕಡೆ ಏಕಕಾಲಕ್ಕೆ ಪ್ರಕಟಣೆ. ಊರ ಪತ್ರಿಕೆ ಕೊನೆ ಗಳಿಗೆಯಲ್ಲಿ ಹಿಂಜರಿದರೂ ಹೊರಗಿನ ತಾಣದಲ್ಲಿ ವರದಿ ಬಂದೇ ಬರುತ್ತದೆ.

ಖರ್ಚು ಎಷ್ಟಾದೀತು? ನನ್ನ ಅಂದಾಜು ಇದು. ತಿಂಗಳಿಗೆ 35,000ದಂತೆ ವರ್ಷದ ಸಂಬಳ 4,20,000. ಪ್ರಯಾಣಕ್ಕೆ ತಿಂಗಳಿಗೆ 6,000, ವರ್ಷಕ್ಕೆ 72,000. ಜಿಲ್ಲಾ ಕಚೇರಿಗಳು ಕಾರವಾರದಲ್ಲಿ, ಘಟ್ಟದ ಮೇಲಿನವರಿಗೆ ಹೋಗಿ ಬರುವುದೇ ಒಂದು ದಿನದ ಕೆಲಸ. ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಹೆದ್ದಾರಿಯೋ ಬಂದಾದರೆ (2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದಾಗ ಆದಂತೆ) ಸುತ್ತು ಬಳಸಿ ಹೋಗಬೇಕು. ಮಾಹಿತಿ ಹಕ್ಕು, ನಕಲು, ಅಂಚೆಗೆ 10,000. ಮಕ್ಕಳ ಆಪ್ತಸಮಾಲೋಚಕರ ಸಲಹೆಗೆ 30,000. ಪ್ರಕಟಣೆಗೆ ಮುನ್ನ ಓದುವ ವಕೀಲರಿಗೆ 60,000. ಮೊಕದ್ದಮೆಗೆಂದು ಮುಟ್ಟದೆ ಇಡುವ ಮೀಸಲು 1,50,000. ಒಟ್ಟು 7,42,000 ರೂಪಾಯಿ.

ದೊಡ್ಡ ಮೊತ್ತ ಅನಿಸುತ್ತದೆ. ನೂರು ಜನ ತಿಂಗಳಿಗೆ 620 ರೂಪಾಯಿ ಕೊಟ್ಟರೆ ಆಯಿತು. 1923ರಲ್ಲೇ ತೋಟಗಾರರು ಸೇರಿ ಸಹಕಾರಿ ಸಂಘ ಕಟ್ಟಿ ಅಡಿಕೆ ಮಾರಿದ ಶಿರಸಿಯಲ್ಲಿ, ಸದಸ್ಯರು ಹಣ ಹಾಕಿ, ವರ್ಷಕ್ಕೊಮ್ಮೆ ಲೆಕ್ಕ ಕೇಳಿ, ದಿನದಿನದ ವ್ಯವಹಾರದಲ್ಲಿ ಕೈಹಾಕದೆ ಇರುವುದು ಹೇಗೆಂದು ಜನರಿಗೆ ಕಲಿಸಬೇಕಿಲ್ಲ. ಇಲ್ಲೂ ಅಷ್ಟೇ. ಖರ್ಚಿನ ಲೆಕ್ಕ ಕೇಳುವ ಹಕ್ಕು ನಿಮ್ಮದು, ಕರಡು ನೋಡುವ ಹಕ್ಕು ಯಾರಿಗೂ ಇಲ್ಲ.

ಅಷ್ಟು ಆಗದಿದ್ದರೆ ಆರು ತಿಂಗಳ ಅರೆಕಾಲಿಕ ಫೆಲೋಶಿಪ್. ತಿಂಗಳಿಗೆ 20,000, ಪ್ರಯಾಣಕ್ಕೆ ಒಟ್ಟು 30,000, ಅರ್ಜಿಗಳಿಗೆ 5,000, ವಕೀಲರಿಗೆ 25,000. ಎಲ್ಲ ಸೇರಿ 1,80,000. ಅದರಲ್ಲಿ ಮೊಕದ್ದಮೆಯ ಮೀಸಲು ಇಲ್ಲ, ಅದಕ್ಕೆ ಹೊರಗಿನ ತಾಣ ಒಪ್ಪಬೇಕಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಡಿ ಮಾನನಷ್ಟಕ್ಕೆ ಎರಡು ವರ್ಷದವರೆಗೆ ಸಾದಾ ಸಜೆ ಇದೆ. ಪ್ರಕಟಣೆಗೇ ತಡೆಯಾಜ್ಞೆ ತರುವವರೂ ಇದ್ದಾರೆ. ವಿಚಾರಣೆ ಇಲ್ಲದೆ ಹಾಗೆ ತಡೆ ಕೊಡುವುದು ಅಪರೂಪದ ಸಂದರ್ಭದಲ್ಲಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಹೇಳಿದೆ, ಆದರೆ ಆ ತೀರ್ಪನ್ನು ನ್ಯಾಯಾಲಯದ ಮುಂದೆ ಎತ್ತಿ ತೋರಿಸಲು ವಕೀಲರು ಬೇಕು, ವಕೀಲರಿಗೆ ಹಣ ಬೇಕು.

ಈ ದಾರಿಯ ದೊಡ್ಡ ಅಪಾಯ ಆಯ್ಕೆಯದು. ತಪ್ಪು ವ್ಯಕ್ತಿಗೆ ಕೊಟ್ಟರೆ ವರ್ಷ ಹೋಯಿತು. ಮತ್ತೆ, ಒಬ್ಬಳೇ ವರದಿಗಾರ್ತಿಯ ಮೇಲೆ ಬೀಳುವ ಒತ್ತಡ ಸಣ್ಣದಲ್ಲ. ಅವಳ ಮನೆಯವರೂ ಅದೇ ಪೇಟೆಯಲ್ಲಿ ಓಡಾಡಬೇಕಲ್ಲ.

ಸ್ವಂತ ಟ್ರಸ್ಟ್

ಕಾರವಾರದ ಗೆಳೆಯರೇ, ಈಗಲೇ ಬೇಡ. ಟ್ರಸ್ಟ್ ನೋಂದಣಿ ಕಷ್ಟವಲ್ಲ, ಸೊಸೈಟಿ ಆದರೆ ಏಳು ಜನ ಸಾಕು. ಕಷ್ಟ ಶುರುವಾಗುವುದು ಆಮೇಲೆ. ಪ್ರತಿವರ್ಷ ಲೆಕ್ಕಪರಿಶೋಧನೆ, ತೆರಿಗೆ ಮಾನ್ಯತೆಯ ಅನಿಶ್ಚಿತತೆ, ಟ್ರಸ್ಟಿಗಳ ಮೇಲೆ ಬರುವ ಒತ್ತಡ. ಮೊದಲ ವರ್ಷದ ಹಣವೆಲ್ಲ ಸಂಸ್ಥೆ ಕಟ್ಟುವುದಕ್ಕೇ ಕರಗಿದರೆ ಮಕ್ಕಳಿಗೇನು ಸಿಕ್ಕಿತು? ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನು ಬೆಳೆಸಿದರು ನಿಜ, ಅದರ ಹಿಂದೆ ವರ್ಷಗಟ್ಟಲೆ ಜನರ ನಡುವೆ ದುಡಿದ ನಂಬಿಕೆ ಇತ್ತು. ಎರಡು ವರ್ಷದ ಖರ್ಚು ಕೈಯಲ್ಲಿದ್ದು, ಒಂದು ಫೆಲೋಶಿಪ್ ಮುಗಿಸಿದ ಅನುಭವ ಆದ ಮೇಲೆ ಟ್ರಸ್ಟ್ ಬಗ್ಗೆ ಯೋಚಿಸಿ.

ಸಣ್ಣ ನಿಧಿ: ಅರ್ಜಿಯ ಖರ್ಚು

ಹೆಚ್ಚಿನವರು ಇದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಐದು ಸಾವಿರ ರೂಪಾಯಿಯಲ್ಲಿ ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ವ್ಯವಸ್ಥೆಯ ಎಲುಬಿನ ಚಿತ್ರವೇ ಸಿಗಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್, ನಕಲಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು. ಹಾಗಾಗಿ ಒಂದೊಂದು ವಿಷಯಕ್ಕೆ ಒಂದೊಂದು ಅರ್ಜಿ.

ಉದಾಹರಣೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೀಗೊಂದು: "2022ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಜಿಲ್ಲೆಯ ಪ್ರತಿ ಮಕ್ಕಳ ಪಾಲನಾ ಸಂಸ್ಥೆಗೆ ಬಾಲನ್ಯಾಯ ಕಾಯ್ದೆಯ ಕಲಂ 54ರಡಿ ತಪಾಸಣಾ ಸಮಿತಿ ಭೇಟಿ ಕೊಟ್ಟ ದಿನಾಂಕಗಳು, ಭೇಟಿಯಲ್ಲಿದ್ದ ಸದಸ್ಯರ ಹುದ್ದೆಗಳು, ವರದಿ ಸಲ್ಲಿಸಿದ ದಿನಾಂಕಗಳು." ಯಾರ ಹೆಸರನ್ನೂ ಕೇಳಿಲ್ಲ, ಮಗುವಿನ ವಿವರ ಇಲ್ಲ. ಮೂರು ವರ್ಷಕ್ಕೆ ಪ್ರತಿ ಮನೆಗೆ ಕನಿಷ್ಠ 12 ಭೇಟಿ ಆಗಿರಬೇಕು. ಉತ್ತರದಲ್ಲಿ ಐದು ದಿನಾಂಕ ಮಾತ್ರ ಇದ್ದರೆ, ಐದರಲ್ಲೂ ವೈದ್ಯಾಧಿಕಾರಿ ಇಲ್ಲದಿದ್ದರೆ, ವರದಿಗಾರ್ತಿ ಮೊದಲ ಪ್ರಶ್ನೆ ಎಲ್ಲಿ ಕೇಳಬೇಕೆಂದು ಗೊತ್ತಾಯಿತು. ಇನ್ನೊಂದು ಅರ್ಜಿಯಲ್ಲಿ, ಬಾಕಿ ಪ್ರಕರಣಗಳ ಬಗ್ಗೆ ಮಕ್ಕಳ ಕಲ್ಯಾಣ ಸಮಿತಿ ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗೆ ಸಲ್ಲಿಸಬೇಕಾದ ವರದಿಗಳ ನಕಲು ಕೇಳಬಹುದು. ಮತ್ತೊಂದರಲ್ಲಿ ಸಮಿತಿ ಪ್ರತಿ ತಿಂಗಳು ಸೇರಿದ ದಿನಗಳ ಸಂಖ್ಯೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ)ಯನ್ನು ತಿದ್ದಿ, "ವೈಯಕ್ತಿಕ ಮಾಹಿತಿ" ಎಂದು ನಿರಾಕರಿಸುವ ಅವಕಾಶವನ್ನು ಹಿಗ್ಗಿಸಿದೆ. ಅದಕ್ಕೇ ಅಂಕಿ, ದಿನಾಂಕ, ಹುದ್ದೆಗಳನ್ನೇ ಕೇಳುವುದು ಜಾಣತನ.

ಇದರ ಮಿತಿ ಎಂದರೆ, ಕಾಗದ ಮಾತಾಡುವುದಿಲ್ಲ. 12 ಭೇಟಿ ಆಗಿದೆ ಎಂದು ಬರೆದಿದ್ದರೂ ಪ್ರತಿ ಭೇಟಿಯಲ್ಲಿ ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿ ಮಾತನಾಡಿಸಿದರೇ ಎಂದು ತಿಳಿಯಲು ಹೋಗಿ ಕೇಳುವವರು ಬೇಕು.

ಹಾಗಾದರೆ ನಿಮಗೆ ಯಾವುದು?

ತಿಂಗಳಿಗೆ ಐನೂರು ರೂಪಾಯಿ ಕೊಡಬಲ್ಲವರು ಊರ ಪತ್ರಿಕೆಯ ಚಂದಾದ ಜೊತೆ ನಾಲ್ಕಾರು ಜನ ಸೇರಿ ಅರ್ಜಿಯ ಸಣ್ಣ ನಿಧಿ ಮಾಡಿಕೊಳ್ಳಿ. ಶಿರಸಿಯ ಶಿಕ್ಷಕಿಯವರಿಗೂ ಇದನ್ನೇ ಹೇಳುತ್ತೇನೆ. ಹತ್ತು ಸಾವಿರ ಇದೆಯೆಂದರೆ ಅದರಲ್ಲಿ ಐದು ಸಾವಿರವನ್ನು ಅರ್ಜಿಗಳಿಗೆ, ನಕಲಿಗೆ, ಮೇಲ್ಮನವಿಗೆ ತೆಗೆದಿಟ್ಟು, ಉಳಿದದ್ದನ್ನು ಕನ್ನಡದ ಓದುಗ-ಬೆಂಬಲಿತ ತಾಣಕ್ಕೆ ಕೊಡಿ. ಬಂದ ಉತ್ತರಗಳನ್ನು ಆ ತಾಣಕ್ಕೂ ಊರ ಪತ್ರಿಕೆಗೂ ಒಟ್ಟಿಗೆ ತಲುಪಿಸಿ. ಬಾಲಮಂದಿರದ ಅಕ್ಕಿಯನ್ನೂ ನಿಲ್ಲಿಸಬೇಡಿ ಅಮ್ಮಾ, ಮಕ್ಕಳ ಊಟ ತನಿಖೆಗೆ ಕಾಯುವುದಿಲ್ಲ.

ಒಂದೂಮುಕ್ಕಾಲು ಲಕ್ಷದ ಆಸುಪಾಸು ಸೇರಿಸಬಲ್ಲ ಗುಂಪಿಗೆ ಅರೆಕಾಲಿಕ ಫೆಲೋಶಿಪ್. ಏಳು ಲಕ್ಷ ದಾಟಬಲ್ಲವರಿಗೆ ಪೂರ್ಣ ವರ್ಷದ್ದು. ಎರಡರಲ್ಲೂ ಹಣ ನಿಮ್ಮ ಕೈಯಲ್ಲಿ ಇರಬಾರದು. ಹೊರಗಿನ ತಾಣದ ಖಾತೆಗೆ ಲಿಖಿತ ಒಪ್ಪಂದದ ಮೇಲೆ ಹೋಗಲಿ. ನಡುವೆ ನಿಮ್ಮ ಗುಂಪಿನ ಯಾರಿಗಾದರೂ ಮುಲಾಜು ಬಂದರೂ ಹಣ ವಾಪಸು ಬರದಂತೆ ಒಪ್ಪಂದ ಇರಲಿ. ಗುಂಪಿನಲ್ಲಿ ಯಾರಾದರೂ ಮಕ್ಕಳ ಮನೆಯ ಆಡಳಿತ ಮಂಡಳಿಯಲ್ಲಿ, ಕಲ್ಯಾಣ ಸಮಿತಿಯಲ್ಲಿ ಇದ್ದರೆ ಅವರ ಹಣ ಬೇಡ, ಎಷ್ಟೇ ಒಳ್ಳೆಯವರಾಗಿರಲಿ.

ಭಟ್ಕಳದ ಗೆಳೆಯರ ಪ್ರಶ್ನೆ ಉಳಿಯಿತು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರ ಕಲಂ 3ರ ಪ್ರಕಾರ ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕ ಯಾರೂ ವಿದೇಶಿ ವಂತಿಗೆ ಪಡೆಯುವಂತಿಲ್ಲ. ವಿದ್ಯುನ್ಮಾನ ರೂಪದಲ್ಲಿ ದೃಶ್ಯ, ಶ್ರವ್ಯ ಸುದ್ದಿ ತಯಾರಿಸುವ ಸಂಸ್ಥೆಗಳಿಗೂ ಅದೇ ನಿಷೇಧ. ಆದರೆ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಆಗುವುದಿಲ್ಲ. ಗಲ್ಫ್‌ನಲ್ಲಿರುವ ನಮ್ಮ ಬಹುತೇಕರು ಇದರೊಳಗೆ ಬರುತ್ತಾರೆ. ಅಮೆರಿಕದ ಪೌರತ್ವ ಪಡೆದ ಶಿರಸಿ, ಸಿದ್ದಾಪುರದ ಮಕ್ಕಳು ಬರುವುದಿಲ್ಲ. ಅವರ ಬಳಿ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಕಾನೂನಿನ ಕಣ್ಣಲ್ಲಿ ಅದು ವಿದೇಶಿ ಮೂಲವೇ. ಅಂಥವರು ನಿಧಿಗೆ ಒಂದು ರೂಪಾಯಿಯನ್ನೂ ಹಾಕಬಾರದು, ಊರಲ್ಲಿರುವ ತಮ್ಮನ ಖಾತೆಯಿಂದ ದಾಟಿಸುವ ಉಪಾಯವಂತೂ ಬೇಡವೇ ಬೇಡ. ನಾಳೆ ವರದಿಯನ್ನು ಸುಳ್ಳೆಂದು ತೋರಿಸಲಾಗದವರು ಹಣದ ದಾರಿಯನ್ನೇ ಹಿಡಿದು ವರದಿಗಾರ್ತಿಯನ್ನು ಕಟ್ಟಿಹಾಕುತ್ತಾರೆ. ದುಬೈಯಿಂದ ಕಳಿಸುವವರು ನಗದು ಕೊಟ್ಟು ಕಳಿಸಬೇಡಿ, ನಿಮ್ಮ ಹೆಸರಿನ ಖಾತೆಯಿಂದಲೇ ಹಾಕಿ, ಪಾಸ್‌ಪೋರ್ಟಿನ ನಕಲನ್ನು ಹಣ ಪಡೆಯುವ ಸಂಸ್ಥೆಯ ಕಡತಕ್ಕೆ ಕೊಟ್ಟಿಡಿ.